ಹಲ್ಲಿನ ಪಾಚಿಗೆ ಮಾತ್ರೆ ಮದ್ದಲ್ಲ

ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯಿಂದ ಹಲ್ಲು ಮುಟ್ಟಿ ನೋಡಿ. ಅಂಟು ಅಂಟಾಗಿದೆ ಅಲ್ಲವೇ? ಅದೇ ಹಲ್ಲಿನ ಪಾಚಿ. ಡಾಕ್ಟರು ಅದಕ್ಕೆ ಪ್ಲಾಕ್ ಅಂತಾರೆ.

ಪಾಚಿ ಬರೀ ಕೊಳೆ ಅಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳು ಅದರಲ್ಲಿ ಗುಂಪಾಗಿ ಬಾಳುತ್ತವೆ. ಸುತ್ತಲೂ ಲೋಳೆ ಕಟ್ಟಿಕೊಳ್ಳುತ್ತವೆ. ಆ ಲೋಳೆಯೇ ಅವುಗಳ ಕೋಟೆ. ನಾವು ತಿಂದ ಸಿಹಿ ಅವಕ್ಕೆ ಊಟ. ಸಿಹಿ ತಿಂದು ಅವು ಹುಳಿ ಬಿಡುತ್ತವೆ. ಆ ಹುಳಿಯಿಂದ ಹಲ್ಲು ತೂತಾಗುತ್ತದೆ. ಪಾಚಿ ಹಾಗೇ ಉಳಿದರೆ ವಸಡೂ ಊದುತ್ತದೆ.

ಹಾಲೆಂಡ್ ದೇಶದ ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದ. 1683ರಲ್ಲಿ ಅವನು ತನ್ನ ಹಲ್ಲಿನ ಪಾಚಿ ಕೆರೆದು, ತಾನೇ ಮಾಡಿದ ಭೂತಗನ್ನಡಿಯಲ್ಲಿ ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು! ಆಮೇಲೆ ವಿನಿಗರ್ ಎಂಬ ಹುಳಿಯಿಂದ ಬಾಯಿ ತೊಳೆದು ನೋಡಿದ. ಪಾಚಿಯ ಹೊರಗಿನವು ಮಾತ್ರ ಸತ್ತವು. ಒಳಗಿನವು ಉಳಿದವು. ಇಂದಿನ ಔಷಧಿಗೂ ಇದೇ ಕಷ್ಟ. ಲೋಳೆಯ ಒಳಕ್ಕೆ ಅದು ಸರಿಯಾಗಿ ಇಳಿಯದು.

"ಹಲ್ಲು ನೋವು ಬಂತು, ಅಂಗಡೀಲಿ ಎರಡು ಮಾತ್ರೆ ತಗೊಂಡೆ" ಅನ್ನುವವರು ಉಂಟು. ಅಕ್ಕಂದಿರೇ, ಇದು ಸರಿಯಲ್ಲ. ನೋವಿನ ಮಾತ್ರೆ ನೋವು ಮರೆಸುತ್ತದೆ, ತೂತು ಮುಚ್ಚುವುದಿಲ್ಲ. ಆಂಟಿಬಯಾಟಿಕ್ ಮಾತ್ರೆಯೂ ಪಾಚಿ ತೆಗೆಯದು. ಬೇಡದಾಗ ಅದನ್ನು ನುಂಗಿದರೆ ಮೆತ್ತಗಿನ ಕ್ರಿಮಿಗಳು ಸಾಯುತ್ತವೆ. ಗಟ್ಟಿ ಕ್ರಿಮಿಗಳು ಉಳಿದು ಹೆಚ್ಚುತ್ತವೆ. ಔಷಧಿ ತಡೆದುಕೊಳ್ಳುವ ಗುಣವನ್ನು ಪಕ್ಕದ ಕ್ರಿಮಿಗಳಿಗೂ ಕೊಡುತ್ತವೆ. ನಾಳೆ ನಿಜವಾಗಿ ಬೇಕಾದಾಗ ಆ ಮಾತ್ರೆ ಕೆಲಸ ಮಾಡದೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ನೀರಿನ ತೊಟ್ಟಿಯ ಪಾಚಿ ನೀರು ಸುರಿದರೆ ಹೋಗುತ್ತದೆಯೇ? ಇಲ್ಲ, ತಿಕ್ಕಲೇಬೇಕು. ಹಲ್ಲೂ ಹಾಗೆಯೇ.

1. ದಿನಕ್ಕೆ 2 ಸಲ, 2 ನಿಮಿಷ, ಮೆತ್ತನೆ ಬ್ರಷ್‌ನಿಂದ ಉಜ್ಜಿ. ರಾತ್ರಿ ಮಲಗುವ ಮುಂಚೆ ತಪ್ಪಿಸಬೇಡಿ.
2. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಹಲ್ಲು ಸವೆಯುತ್ತದೆ.
3. ವಸಡಿನಿಂದ ರಕ್ತ ಬಂತೆಂದು ಉಜ್ಜುವುದು ಬಿಡಬೇಡಿ. ಮೆಲ್ಲಗೆ ಉಜ್ಜಿ. ಡಾಕ್ಟರಿಗೆ ತೋರಿಸಿ.
4. ಕಲ್ಲಿನಂತೆ ಗಟ್ಟಿಯಾದ ಪಾಚಿ ಬ್ರಷ್‌ಗೆ ಬರದು. ಅದನ್ನು ಹಲ್ಲಿನ ಡಾಕ್ಟರೇ ತೆಗೆಯಬೇಕು.
5. ಹಲ್ಲು ನೋವಿನ ಜೊತೆ ಮುಖ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ತಪ್ಪದೆ ನುಂಗಿ.

ಉತ್ತರ ಬರೆಯಿರಿ:
ಅ. ಪಾಚಿಯ ಒಳಕ್ಕೆ ಔಷಧಿ ಯಾಕೆ ಇಳಿಯುವುದಿಲ್ಲ?
ಆ. ನಿಮ್ಮ ಮನೆಯಲ್ಲಿ ರಾತ್ರಿ ಹಲ್ಲು ಉಜ್ಜುವವರು ಎಷ್ಟು ಜನ?