ಗಟ್ಟಿಯಾದಂತೆ ಕಂಡದ್ದೆಲ್ಲ ಗಟ್ಟಿಯಲ್ಲ: ಚಾಕೊಲೇಟ್ ಕಾಫಿ ಕ್ರೀಮ್ ಪೈ ಕಲಿಸುವ ಪಾಠ



ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ತಂದೆತಾಯಿಯ ಮದುವೆಯ ಬೆಳ್ಳಿಹಬ್ಬ. ಪಿಯುಸಿ ಓದುವ ಮಗಳು ತಾನೇ ಒಂದು ಸಿಹಿ ಮಾಡಿ ಬಡಿಸಬೇಕೆಂದು ಹಠ ಹಿಡಿದು, ಹಿಂದಿನ ರಾತ್ರಿಯೇ ಚಾಕೊಲೇಟ್ ಕಾಫಿ ಕ್ರೀಮ್ ಪೈ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಳು. ಇಡುವಾಗ ಅದು ಚೆನ್ನಾಗಿಯೇ ಗಟ್ಟಿಯಾಗಿತ್ತು. ಮರುದಿನ ನೆಂಟರೆಲ್ಲ ಊಟಕ್ಕೆ ಕುಳಿತಿರುವಾಗ ಚಾಕು ಹಾಕಿದರೆ ಒಳಗಿನದೆಲ್ಲ ಸಾರಿನಂತೆ ತಟ್ಟೆಗೆ ಹರಿಯಿತು. "ಮನಸ್ಸಿಟ್ಟು ಮಾಡಿದ್ದರೆ ಹೀಗಾಗುತ್ತಿತ್ತೇನೇ?" ಎಂದರು ಸೋದರತ್ತೆ. ಒಳಗೆ ಎದ್ದುಹೋದ ಹುಡುಗಿ ನೆಂಟರು ಹೊರಡುವವರೆಗೂ ಹೊರಗೆ ಬರಲಿಲ್ಲ.

ಆ ಪಂಕ್ತಿಯಲ್ಲಿ ನಾನೂ ಇದ್ದೆ. ಆಮೇಲೆ ಅವಳನ್ನು ಕೇಳಿದೆ: "ಒಲೆಯಿಂದ ಯಾವಾಗ ಇಳಿಸಿದೆ ಮಗಳೇ?" ಅವಳು ಹೇಳಿದಳು: "ಗಟ್ಟಿಯಾದ ಕೂಡಲೇ ಇಳಿಸಿದೆ ಫಾದರ್. ಕುದಿಸಿದರೆ ಮೊಟ್ಟೆ ಗಂಟುಗಂಟಾಗುತ್ತದೆ ಅಂತ ಎಲ್ಲರೂ ಹೇಳಿದ್ದರು." ಅಲ್ಲಿಗೆ ಕಾರಣ ಸಿಕ್ಕಿತು. ಕೊರತೆಯಾದದ್ದು ಮನಸ್ಸಲ್ಲ, ಎರಡು ನಿಮಿಷದ ಕುದಿ. ಈ ವಾರ ಆ ಪೈಯನ್ನು ಮನೆಯಲ್ಲೇ ಸರಿಯಾಗಿ ಮಾಡುವ ಬಗೆಯನ್ನೂ ಆ ಎರಡು ನಿಮಿಷದ ಅರ್ಥವನ್ನೂ ನೋಡೋಣ.

1. ಏನಿದು ಪೈ?

ಹಳೆಯ ಕಾಸಿನ ಪೈ ಅಲ್ಲ, ಕರಾವಳಿಯ ಪೈ ಮನೆತನವೂ ಅಲ್ಲ! ಹಿಟ್ಟಿನಿಂದಲೋ ಬಿಸ್ಕತ್ತಿನ ಪುಡಿಯಿಂದಲೋ ಮಾಡಿದ ಬಟ್ಟಲಿನಂಥ ತಳದಲ್ಲಿ ಹೂರಣ ತುಂಬಿದ ಪಾಶ್ಚಾತ್ಯ ತಿಂಡಿಗೆ ಪೈ ಎಂದು ಹೆಸರು. ಹೂರಣವು ಹಾಲು, ಮೊಟ್ಟೆ, ಕಾರ್ನ್‌ಫ್ಲೋರ್ ಸೇರಿಸಿ ಕಾಯಿಸಿದ್ದಾದರೆ ಅದು ಕ್ರೀಮ್ ಪೈ.

ತಿಂಡಿ ಹೊರಗಿನದಾದರೂ ಅದರ ಎರಡು ಮುಖ್ಯ ವಸ್ತುಗಳು ನಮ್ಮ ನೆಲದಲ್ಲೇ ಬೆಳೆಯುತ್ತವೆ. ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಅದೇ ಯೆಮೆನ್‌ನ ಮೋಖಾ ಬಂದರಿನ ಹೆಸರೇ ಇಂದು ಚಾಕೊಲೇಟ್ ಮತ್ತು ಕಾಫಿ ಬೆರೆತ ರುಚಿಗೆ 'ಮೋಕಾ' ಎಂದು ನಿಂತಿದೆ. ಇನ್ನು ಕೋಕೋ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನೆರಳಿನ ಬೆಳೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಆದ್ದರಿಂದ ಇದನ್ನು ಪರದೇಶದ ದುಬಾರಿ ತಿಂಡಿಯೆಂದು ದೂರ ಇಡಬೇಕಾಗಿಲ್ಲ.

2. ಉಪವಾಸ ಮತ್ತು ಚಾಕೊಲೇಟ್

ಚಾಕೊಲೇಟ್ ಒಮ್ಮೆ ಧರ್ಮಶಾಸ್ತ್ರದ ಪ್ರಶ್ನೆಯೂ ಆಗಿತ್ತೆಂದರೆ ನಿಮಗೆ ಆಶ್ಚರ್ಯವಾಗಬಹುದು. ಅಮೆರಿಕ ಖಂಡದಿಂದ ಸ್ಪೇನ್ ಮತ್ತು ಇಟಲಿಗೆ ಬಂದಾಗ ಅದು ತಿನ್ನುವ ವಸ್ತುವಲ್ಲ, ಕುಡಿಯುವ ಪಾನೀಯ. ಅಚ್ಚಿನಲ್ಲಿ ಎರಕ ಹೊಯ್ದು ತಿನ್ನುವ ಚಾಕೊಲೇಟನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪನಿ ತಯಾರಿಸಿದ್ದು 1847ರಲ್ಲಿ. ಅದಕ್ಕೂ ಎರಡು ಶತಮಾನ ಮೊದಲೇ, ಚಾಕೊಲೇಟ್ ಕುಡಿದರೆ ಉಪವಾಸ ಮುರಿಯುತ್ತದೆಯೇ ಎಂಬ ವಾದ ಎದ್ದಿತ್ತು. ಸ್ಪೇನಿನ ಅಂತೋನಿಯೊ ದೆ ಲಿಯೋನ್ ಪಿನೆಲೊ ಎಂಬವರು 1636ರಲ್ಲಿ ಇದೊಂದೇ ಪ್ರಶ್ನೆಯ ಮೇಲೆ ಗ್ರಂಥ ಬರೆದರು. ಕಾರ್ಡಿನಲ್ ಫ್ರಾಂಚೆಸ್ಕೊ ಮರಿಯ ಬ್ರಾಂಕಾಚೊ ಅವರು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಾನೀಯವಾದ್ದರಿಂದ ಅದು ಉಪವಾಸವನ್ನು ಮುರಿಯುವುದಿಲ್ಲ ಎಂದು ವಾದಿಸಿದರು.

ಆ ವಾದ ಲೋಟದಲ್ಲಿ ಕುಡಿಯುವ ಚಾಕೊಲೇಟಿಗೆ, ತುಂಡು ಮಾಡಿ ತಿನ್ನುವ ಪೈಗೆ ಅಲ್ಲ. ಸರಿಯಾಗಿ ಕುದಿಸದೆ ನೀರಾದ ಪೈ ಮಾತ್ರ ಕಾರ್ಡಿನಲರ ಲೆಕ್ಕಕ್ಕೆ ಸೇರೀತೇನೋ! ತಮಾಷೆ ಹಾಗಿರಲಿ. ತಪಸ್ಸುಕಾಲದಲ್ಲಿ ಇದನ್ನು ಬಿಟ್ಟು, ಹಬ್ಬದ ದಿನ ಹಂಚಿಕೊಂಡು ತಿನ್ನುವುದೇ ಸರಿಯಾದ ಕ್ರಮ.

3. ಬೇಕಾಗುವ ವಸ್ತುಗಳು

ಒಂಬತ್ತು ಅಂಗುಲ ಅಗಲದ, ಅಂಚು ಎತ್ತರವಿರುವ ತಟ್ಟೆ ಅಥವಾ ಕೇಕಿನ ಪಾತ್ರೆಗೆ ಈ ಅಳತೆ. ಎಂಟು ಮಂದಿಗೆ ಧಾರಾಳವಾಗಿ ಸಾಕು.

ತಳಕ್ಕೆ: ಮಾರಿ ಬಿಸ್ಕತ್ತು 200 ಗ್ರಾಂ, ಕರಗಿಸಿದ ಬೆಣ್ಣೆ 100 ಗ್ರಾಂ, ಸಕ್ಕರೆ 1 ದೊಡ್ಡ ಚಮಚ.

ಹೂರಣಕ್ಕೆ: ಹಾಲು 400 ಮಿ.ಲೀ., ಫಿಲ್ಟರಿನ ಮೊದಲ ಗಟ್ಟಿ ಡಿಕಾಕ್ಷನ್ 100 ಮಿ.ಲೀ., ಸಕ್ಕರೆ 120 ಗ್ರಾಂ, ಕಾರ್ನ್‌ಫ್ಲೋರ್ 35 ಗ್ರಾಂ, ಕೋಕೋ ಪುಡಿ 20 ಗ್ರಾಂ, ಮೂರು ಮೊಟ್ಟೆಯ ಹಳದಿ ಭಾಗ, ಕಹಿ ಹೆಚ್ಚಿರುವ ಡಾರ್ಕ್ ಚಾಕೊಲೇಟ್ 100 ಗ್ರಾಂ, ಬೆಣ್ಣೆ 25 ಗ್ರಾಂ, ಒಂದು ಚಿಟಿಕೆ ಉಪ್ಪು.

ಮೇಲಕ್ಕೆ: ವಿಪ್ಪಿಂಗ್ ಕ್ರೀಮ್ 200 ಮಿ.ಲೀ., ಪುಡಿ ಸಕ್ಕರೆ 2 ದೊಡ್ಡ ಚಮಚ.

ಕಾಫಿಯ ಬಗ್ಗೆ ಒಂದು ಮಾತು. ಚಿಕೋರಿ ಹೆಚ್ಚಿರುವ ಪುಡಿಯಿಂದ ಬಣ್ಣ ಬರುತ್ತದೆಯೇ ಹೊರತು ಕಾಫಿಯ ಪರಿಮಳ ಅಷ್ಟು ಬರುವುದಿಲ್ಲ. ಶುದ್ಧ ಕಾಫಿ ಪುಡಿಯ ಡಿಕಾಕ್ಷನ್ ಉತ್ತಮ. ಪುಡಿಯನ್ನೇ ನೇರವಾಗಿ ಹಾಕಬೇಡಿ, ಮರಳಿನಂತೆ ಹಲ್ಲಿಗೆ ಸಿಗುತ್ತದೆ. ಫಿಲ್ಟರ್ ಇಲ್ಲದಿದ್ದರೆ ಒಂದೂವರೆ ದೊಡ್ಡ ಚಮಚ ಇನ್‌ಸ್ಟಂಟ್ ಕಾಫಿಯನ್ನು 100 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ. ಕಾಫಿ ಬೀಜವನ್ನೂ ಕೋಕೋ ಬೀಜವನ್ನೂ ಹುರಿದೇ ಪರಿಮಳ ತರಿಸುವುದು. ಅದಕ್ಕಾಗಿಯೇ ಕಾಫಿ ಸೇರಿದಾಗ ಚಾಕೊಲೇಟಿನ ರುಚಿ ಮರೆಯಾಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ.

4. ಮಾಡುವ ಕ್ರಮ

ಮೊದಲು ತಳ. ಬಿಸ್ಕತ್ತನ್ನು ನುಣ್ಣಗೆ ಪುಡಿ ಮಾಡಿ, ಸಕ್ಕರೆ ಮತ್ತು ಕರಗಿದ ಬೆಣ್ಣೆ ಸೇರಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಅದನ್ನು ಪಾತ್ರೆಯ ತಳಕ್ಕೂ ಬದಿಗೂ ಹರಡಿ, ಲೋಟದ ತಳದಿಂದ ಒತ್ತಿ ಗಟ್ಟಿ ಮಾಡಿ. ಒಲೆಗೂಡು, ಅಂದರೆ ಓವನ್ ಇದ್ದರೆ 180 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ ಆರಲು ಬಿಡಿ. ಇಲ್ಲದಿದ್ದರೂ ಚಿಂತೆಯಿಲ್ಲ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಬಿಗಿದುಕೊಂಡು ತಳ ನಿಲ್ಲುತ್ತದೆ.

ಇನ್ನು ಹೂರಣ. ಕಾರ್ನ್‌ಫ್ಲೋರ್, ಕೋಕೋ, ಸಕ್ಕರೆ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಅದಕ್ಕೆ ಅರ್ಧ ಲೋಟ ತಣ್ಣನೆಯ ಹಾಲು ಹಾಕಿ ಗಂಟಿಲ್ಲದಂತೆ ಕಲಸಿ, ಮೊಟ್ಟೆಯ ಹಳದಿ ಭಾಗಗಳನ್ನು ಸೇರಿಸಿ. ಉಳಿದ ಹಾಲನ್ನು ಡಿಕಾಕ್ಷನ್ ಜೊತೆ ಬಿಸಿ ಮಾಡಿ, ಆ ಕಲಸಿದ ಹಿಟ್ಟಿಗೆ ಸ್ವಲ್ಪಸ್ವಲ್ಪವಾಗಿ, ತಿರುವುತ್ತಲೇ ಹೊಯ್ಯಿರಿ. ಒಮ್ಮೆಗೇ ಸುರಿದರೆ ಮೊಟ್ಟೆಗೆ ಬಿಸಿ ಒಮ್ಮೆಗೇ ತಾಗಿ ಗಂಟಾಗಬಹುದು.

ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿ ಕೈಬಿಡದೆ ತಿರುವಿ. ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಇಳಿಸಲು ಕೈ ಮುಂದಾಗುವುದು ಇಲ್ಲಿಯೇ. ಇಳಿಸಬೇಡಿ! ಗಂಜಿ ಕುದಿಯುವಾಗ ಏಳುವಂಥ ದಪ್ಪ ಗುಳ್ಳೆಗಳು ಮಧ್ಯದಲ್ಲಿ ಏಳಬೇಕು. ಮೊದಲ ಗುಳ್ಳೆ ಕಂಡ ಮೇಲೆ ಗಡಿಯಾರ ನೋಡಿಕೊಂಡು ಇನ್ನೂ ಎರಡು ನಿಮಿಷ ತಿರುವುತ್ತಾ ಕುದಿಸಿ. ಆಮೇಲೆ ಉರಿ ಆರಿಸಿ, ಚೂರು ಮಾಡಿದ ಚಾಕೊಲೇಟ್ ಮತ್ತು ಬೆಣ್ಣೆ ಹಾಕಿ ಕರಗುವವರೆಗೆ ತಿರುವಿ, ಜರಡಿಯಲ್ಲಿ ಸೋಸಿ ತಳದೊಳಗೆ ಹೊಯ್ಯಿರಿ.

ಮೇಲೆ ಕೆನೆ ಕಟ್ಟದಂತೆ ಬೆಣ್ಣೆ ಕಾಗದವನ್ನು ಹೂರಣಕ್ಕೆ ತಾಗುವಂತೆ ಮುಚ್ಚಿ. ಬಿಸಿ ಆರಿದ ಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ಆರು ಗಂಟೆ ಇರಲಿ. ಗಟ್ಟಿಯಾಯಿತೇ ಎಂದು ನಡುನಡುವೆ ಚಮಚ ಹಾಕಿ ಕದಡಬೇಡಿ. ಒಮ್ಮೆ ಮುರಿದ ಬಿಗಿ ಮತ್ತೆ ಹಾಗೆಯೇ ಕೂಡುವುದಿಲ್ಲ.

ಬಡಿಸುವ ಮೊದಲು ಕ್ರೀಮ್ ಕಡೆಯಿರಿ. ಕ್ರೀಮೂ ಪಾತ್ರೆಯೂ ಚೆನ್ನಾಗಿ ತಣ್ಣಗಿರಲಿ. ಪೊಟ್ಟಣದ ಮೇಲೆ ಕೊಬ್ಬಿನ ಪ್ರಮಾಣ ಓದಿ ಕೊಳ್ಳಿ. ಶೇಕಡಾ 25ರಷ್ಟು ಕೊಬ್ಬಿರುವ ಸಾಮಾನ್ಯ ಕ್ರೀಮ್ ನೊರೆ ಕಟ್ಟಿ ನಿಲ್ಲುವುದಿಲ್ಲ, ಹಾಲಿನ ಕ್ರೀಮಾದರೆ 30ಕ್ಕಿಂತ ಹೆಚ್ಚಿರಬೇಕು. ಸಕ್ಕರೆ ಸೇರಿಸಿ ಕಡೆಯುತ್ತಾ, ಮೃದುವಾದ ಶಿಖರಗಳು ನಿಂತ ಕೂಡಲೇ ನಿಲ್ಲಿಸಿ. ಮುಂದುವರಿಸಿದರೆ ಬರುವುದು ಬೆಣ್ಣೆ. ಉಳಿದ ಮೂರು ಮೊಟ್ಟೆಯ ಬಿಳಿ ಭಾಗವನ್ನು ಚೆಲ್ಲಬೇಡಿ, ಬೆಳಗಿನ ಆಮ್ಲೆಟ್ಟಿಗೆ ಆಗುತ್ತದೆ.

5. ಆ ಎರಡು ನಿಮಿಷದಲ್ಲಿ ಏನು ನಡೆಯುತ್ತದೆ?

ಮೊಟ್ಟೆಯ ಹಳದಿ ಭಾಗದಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಪಿಷ್ಟವನ್ನು ತುಂಡರಿಸುವುದೇ ಅದರ ಕೆಲಸ. ಕಾರ್ನ್‌ಫ್ಲೋರ್ ಎಂದರೆ ಪಿಷ್ಟವೇ. ಹೂರಣ ಗಟ್ಟಿಯಾದಂತೆ ಕಂಡಾಗಲೂ ಈ ಕಿಣ್ವ ಸತ್ತಿರುವುದಿಲ್ಲ, ಅದಕ್ಕೆ ಕುದಿಯ ಬಿಸಿಯೇ ಬೇಕು. ಅರ್ಧಕ್ಕೆ ಇಳಿಸಿದರೆ ಅದು ಒಳಗೆ ಉಳಿದು, ರಾತ್ರಿಯಿಡೀ ಪಿಷ್ಟವನ್ನು ಕತ್ತರಿಸುತ್ತಲೇ ಇರುತ್ತದೆ. ಬೆಳಗಾಗುವಾಗ ಗಟ್ಟಿ ಹೂರಣ ನೀರಾಗಿರುತ್ತದೆ.

ಹಾಗಾದರೆ ಕುದಿಸಿದಾಗ ಮೊಟ್ಟೆ ಗಂಟಾಗುವುದಿಲ್ಲವೇ? ಮೊಟ್ಟೆಯ ಹಳದಿ ಒಂದೇ ಇದ್ದರೆ 65ರಿಂದ 70 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ನಿಜ. ಆದರೆ ಇಲ್ಲಿ ಅದರ ಜೊತೆ ಪಿಷ್ಟವಿದೆ. ಉಬ್ಬಿದ ಪಿಷ್ಟ ಮೊಟ್ಟೆಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ತಡೆಯುತ್ತದೆ. ಕಾರ್ನ್‌ಫ್ಲೋರ್ ಇಲ್ಲದ ಕಸ್ಟರ್ಡನ್ನು ಕುದಿಸಬಾರದು, ಕಾರ್ನ್‌ಫ್ಲೋರ್ ಇರುವುದನ್ನು ಕುದಿಸಲೇಬೇಕು. ಹುಡುಗಿಗೆ ಸಿಕ್ಕ ಸಲಹೆ ಸುಳ್ಳಾಗಿರಲಿಲ್ಲ, ಅದು ಬೇರೊಂದು ಅಡುಗೆಯ ಸಲಹೆಯಾಗಿತ್ತು.

ಇನ್ನೊಂದು ಎಚ್ಚರಿಕೆ. ನಮ್ಮ ಜೊಲ್ಲಿನಲ್ಲೂ ಅಮೈಲೇಸ್ ಇದೆ. ರುಚಿ ನೋಡಿದ ಚಮಚವನ್ನೇ ಮತ್ತೆ ಪಾತ್ರೆಗೆ ಅದ್ದಿದರೆ ಅದೂ ಹೂರಣವನ್ನು ನೀರು ಮಾಡಬಲ್ಲದು. ಎಂಜಲು ಚಮಚ ಪಾತ್ರೆಗೆ ಹಾಕಬೇಡವೆಂದು ಅಜ್ಜಿ ಗದರಿದ್ದು ನೆನಪಿದೆಯೇ? ಕ್ರೀಮ್ ಪೈ ವಿಷಯದಲ್ಲಿ ಅಜ್ಜಿಯ ಮಾತಿಗೆ ರಸಾಯನಶಾಸ್ತ್ರವೂ ತಲೆದೂಗುತ್ತದೆ.

6. ನಾವು ಕಲಿಯಬೇಕಾದದ್ದು

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕಲೆ ಮತ್ತು ವಿವೇಕಗಳ ವ್ಯತ್ಯಾಸ ಹೇಳುವಾಗ, ಮಾಡಬೇಕಾದ ವಸ್ತುವಿನ ಬಗೆಗಿನ ಸರಿಯಾದ ತಿಳಿವಳಿಕೆಯೇ ಕಲೆ ಎನ್ನುತ್ತಾರೆ. ಕಲೆಯ ಒಳಿತನ್ನು ಅಳೆಯುವುದು ಮಾಡಿದ ವಸ್ತುವಿನಿಂದ, ಮಾಡಿದವನ ಮನಸ್ಸಿನ ಒಳ್ಳೆಯತನದಿಂದಲ್ಲ. ಗುರುಮಠದಲ್ಲಿ ಇದನ್ನು ಓದಿದಾಗ ನನಗೆ ಒಣ ಮಾತೆನಿಸಿತ್ತು. ಆ ಬೆಳ್ಳಿಹಬ್ಬದ ಊಟದ ದಿನ ಅದರಲ್ಲಿ ಎಷ್ಟು ಕರುಣೆಯಿದೆಯೆಂದು ತಿಳಿಯಿತು.

ಏಕೆಂದರೆ ನಾವು ಇವೆರಡನ್ನೂ ಬೆರೆಸಿಬಿಡುತ್ತೇವೆ. ಅಡುಗೆ ಕೆಟ್ಟರೆ "ಮನಸ್ಸಿಲ್ಲ" ಎನ್ನುತ್ತೇವೆ. ಮಗು ಲೆಕ್ಕ ತಪ್ಪಿದರೆ "ಶ್ರದ್ಧೆಯಿಲ್ಲ" ಎನ್ನುತ್ತೇವೆ. ಹೊಸದಾಗಿ ಮನೆಗೆ ಬಂದ ಸೊಸೆಗೆ ಮನೆಯ ರೀತಿ ತಿಳಿಯದಿದ್ದರೆ "ಗೌರವವಿಲ್ಲ" ಎನ್ನುತ್ತೇವೆ. ತಿಳಿವಳಿಕೆಯ ಕೊರತೆಯನ್ನು ಪ್ರೀತಿಯ ಕೊರತೆಯೆಂದು ತೀರ್ಪು ಕೊಡುತ್ತೇವೆ. ತಿಳಿಯದ್ದನ್ನು ಐದು ನಿಮಿಷದಲ್ಲಿ ಕಲಿಸಬಹುದು. ಪ್ರೀತಿಯಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ವರ್ಷಗಳೇ ಬೇಕಾಗಬಹುದು.

ಹಾಗೆಂದು ಪ್ರೀತಿಯೊಂದಿದ್ದರೆ ಸಾಕು ಎಂದೂ ಅಲ್ಲ. ಪ್ರೀತಿ ಕಿಣ್ವವನ್ನು ಕೊಲ್ಲುವುದಿಲ್ಲ, ಕುದಿ ಕೊಲ್ಲುತ್ತದೆ. ನಿಜವಾಗಿ ಪ್ರೀತಿಸುವವರು ವಸ್ತುವಿನ ಸ್ವಭಾವವನ್ನು ಕೇಳಿ ತಿಳಿಯುವ ಶ್ರಮ ಪಡುತ್ತಾರೆ. ಕುದಿಯಬೇಕಾದಾಗ ಹೆದರದೆ ಕುದಿಯಲು ಬಿಡುತ್ತಾರೆ, ಆರಬೇಕಾದಾಗ ಅವಸರ ಮಾಡದೆ ಆರಲು ಬಿಡುತ್ತಾರೆ.

ಎರಡು ತಿಂಗಳ ನಂತರ ಅದೇ ಮನೆಯಿಂದ ಊಟದ ಕರೆ ಬಂತು. ಪೈ ಕತ್ತರಿಸಿದಾಗ ತುಂಡು ನೇರವಾಗಿ ನಿಂತಿತು. ಹುಡುಗಿ ನಗುತ್ತಾ ಹೇಳಿದಳು: "ಈ ಸಲ ಒಲೆಯ ಹತ್ತಿರ ಗಡಿಯಾರ ಹಿಡಿದು ನಿಂತದ್ದು ಅತ್ತೆ, ಫಾದರ್." ಅತ್ತೆ ಏನೂ ಹೇಳಲಿಲ್ಲ. ಎರಡನೆಯ ತುಂಡಿಗೆ ತಟ್ಟೆ ಮುಂದೆ ಮಾಡಿದರು.

ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ:

1. ಕಳೆದ ತಿಂಗಳು ನಮ್ಮ ಮನೆಯಲ್ಲಿ ಯಾರ ತಿಳಿಯದ ತಪ್ಪನ್ನು ಮನಸ್ಸಿನ ತಪ್ಪೆಂದು ಹೇಳಿದೆವು?

2. ಕೇಳಿದ ಸಲಹೆ ಯಾವ ಸಂದರ್ಭಕ್ಕೆ ಸೇರಿದ್ದೆಂದು ನೋಡದೆ ಅನುಸರಿಸಿ ನಾವು ಕೆಡಿಸಿಕೊಂಡದ್ದೇನು?

3. ಮುಂದಿನ ಹಬ್ಬಕ್ಕೆ ಈ ಪೈ ಮಾಡುವುದಾದರೆ, ತಿರುವುವವರು ಯಾರು, ಗಡಿಯಾರ ಹಿಡಿಯುವವರು ಯಾರು?