ಹನ್ನೆರಡನೇ ನಂಬರಿನ ಜೆರ್ಸಿ

"ಅಕ್ಕ, ಆಟ ಬಿಟ್ಟ ಮೇಲೆ ಕೋಚಿಂಗಿಗೆ ಬರಲಾ?" ಎಂದು ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಲಿಫ್ಟರ್‌ಗಳೇ. ಅಟ್ಯಾಕರ್‌ಗಳಿಗೆ ಭುಜ, ಮಂಡಿ ಕೈಕೊಟ್ಟಾಗ ವಾಲಿಬಾಲೇ ಸಾಕೆನಿಸಿಬಿಡುತ್ತದೆ. ಲಿಫ್ಟರ್‌ಗೆ ಹಾಗಲ್ಲ. ಮೈ ದಣಿದರೂ ತಲೆಯೊಳಗೆ ಆಟ ನಡೆಯುತ್ತಲೇ ಇರುತ್ತದೆ. ಈ ವರ್ಷ ಇಲಾಖೆಯೊಂದರ ತಂಡ ಬಿಡುತ್ತಿರುವ ಒಬ್ಬಳು ಮೊನ್ನೆ ಇದನ್ನೇ ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು ಬರೆಯಲು ಕೂತಿದ್ದೇನೆ.

ಬಾ ಎನ್ನುವುದೇ ನನ್ನ ಉತ್ತರ. ಆದರೆ ಒಮ್ಮೆ ಬೆಂಚಿಗೆ ಬಂದವಳು ಮತ್ತೆ ಅಂಕಣಕ್ಕೆ ಇಳಿಯಕೂಡದು. ಕಣ್ಣೆದುರಿಗೇ ತಂಡ ಸೋಲುತ್ತಿದ್ದರೂ, ನಾನು ಇಳಿದರೆ ಗೆಲ್ಲುತ್ತೇವೆ ಎಂದು ಮನಸ್ಸು ಹೇಳುತ್ತಿದ್ದರೂ ಇಳಿಯಕೂಡದು. ಒಂದು ರಾತ್ರಿಯ ಪಂದ್ಯದಲ್ಲಿ ನಾನು ಇಳಿಯಲಿಲ್ಲ. ಆ ಕಾರಣಕ್ಕೇ ಒಂದು ಕ್ಲಬ್ಬು ನನ್ನನ್ನು ತೆಗೆದುಹಾಕಿತು. ಆ ರಾತ್ರಿ ನಾನು ಮಾಡಿದ್ದು ಸರಿ ಎಂದು ಅವತ್ತೂ ಅಂದುಕೊಂಡಿದ್ದೆ, ಇವತ್ತೂ ಹಾಗೇ ಅಂದುಕೊಂಡಿದ್ದೇನೆ.

ಲಿಫ್ಟರ್ ಅಂದರೆ ಏನೆಂದು ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡನೇ ಬಾಲು ಅವಳದು. ಪಾಸ್ ಚೆನ್ನಾಗಿ ಬರಲಿ, ಸೈಡ್ ಲೈನಿನ ಆಚೆ ಹಾರಲಿ, ಅದನ್ನು ಯಾರಿಗೆ ಎತ್ತಿಕೊಡಬೇಕೆಂದು ತೀರ್ಮಾನಿಸುವವಳು ಅವಳೊಬ್ಬಳೇ. ಎದುರಿನ ಬ್ಲಾಕರ್‌ಗಳಲ್ಲಿ ಯಾರು ಕುಳ್ಳಿ, ಯಾರು ನಿಧಾನ, ನಮ್ಮ ಅಟ್ಯಾಕರ್‌ಗಳಲ್ಲಿ ಯಾರ ಕೈ ಇವತ್ತು ನಡೆಯುತ್ತಿದೆ, ಎರಡು ಬಾಲು ಔಟ್ ಹೊಡೆದು ಯಾರು ಅಳುಮುಖ ಮಾಡಿಕೊಂಡಿದ್ದಾರೆ, ಇಷ್ಟನ್ನೂ ಬಾಲು ಗಾಳಿಯಲ್ಲಿರುವಾಗಲೇ ನೋಡಿ ಮುಗಿಸಿರಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಮಾಡುವ ಕೆಲಸವೂ ಇದೇ ಎಂದು ಅಲ್ಲಿರುವ ನನ್ನ ಅಕ್ಕನ ಮಗ ಹೇಳುತ್ತಿರುತ್ತಾನೆ. ಇಷ್ಟು ವರ್ಷ ಇಡೀ ತಂಡವನ್ನು ಆಡಿಸಿದವಳು ಕೋಚ್ ಆಗದೆ ಇನ್ನೇನಾಗುತ್ತಾಳೆ ಎಂದು ಎಲ್ಲರಿಗೂ ಅನಿಸುವುದು ಸಹಜ.

ಕಷ್ಟ ಬೇರೆ ಕಡೆ ಇದೆ. ಲಿಫ್ಟರಿನ ವಿದ್ಯೆ ಇರುವುದು ಬೆರಳ ತುದಿಯಲ್ಲಿ. ಬರಿಗೈಯಲ್ಲಿ ಉಪ್ಪು ಹಾಕುವ ಅಮ್ಮನಿಗೆ ಎಷ್ಟು ಚಮಚ ಎಂದು ಕೇಳಿದರೆ ಅವಳು ಏನು ಹೇಳಿಯಾಳು? ಬಾಲು ಹಣೆಯ ಮೇಲಕ್ಕೆ ಬರುವ ಮೊದಲೇ ಬಲಗಾಲು ಮುಂದಿಟ್ಟು ನಿಲ್ಲುತ್ತೇವೆ. ಆದರೆ ಅದನ್ನು ಯಾವಾಗ ಕಲಿತೆವು, ಯಾಕೆ ಹಾಗೆ ನಿಲ್ಲುತ್ತೇವೆ ಎಂದು ನಾವೇ ಯೋಚಿಸಿರುವುದಿಲ್ಲ. ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನನಗೆ ಕೊಟ್ಟಿದ್ದು ಇದನ್ನೇ: ಬೆರಳಿಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳುವ ಅಭ್ಯಾಸ. ನಮ್ಮ ಹುಡುಗಿಯರಿಗೆ ನಾನು ಮಾಡಿಸುತ್ತಿದ್ದುದು ಸರಳ. ಒಬ್ಬಳು ಪಾಸ್ ಕೊಡಬೇಕು. ಬಾಲು ಮೇಲಿರುವಾಗ ನೆಟ್ಟಿನ ಆಚೆ ನಿಂತ ಇನ್ನೊಬ್ಬಳು ಕೈಬೆರಳು ಎತ್ತಿ ತೋರಿಸಬೇಕು. ಲಿಫ್ಟರ್ ಬಾಲು ಮುಟ್ಟುವುದಕ್ಕೆ ಮೊದಲು ಎಷ್ಟು ಬೆರಳು ಎಂದು ಕೂಗಿ ಹೇಳಬೇಕು. ಶುರುವಿನಲ್ಲಿ ಬಾಲು ತಲೆಯ ಮೇಲೆ ಬೀಳುತ್ತದೆ. ದಿನ ಕಳೆದಂತೆ ಹುಡುಗಿ ಬಾಲು ನೋಡುವುದನ್ನು ಬಿಟ್ಟು ಬ್ಲಾಕ್ ನೋಡಲು ಕಲಿಯುತ್ತಾಳೆ.

ನಮ್ಮಲ್ಲಿ ಹೆಸರು ಮಾಡಿದ ಆಟಗಾರ್ತಿಗೆ ಕೋಚ್ ಹುದ್ದೆ ಸಿಗುತ್ತದೆ. ಎರಡನೇ ಲಿಫ್ಟರ್ ಆಗಿ ಬೆಂಚಿನಲ್ಲೇ ಕೂತಿದ್ದವಳನ್ನು ಕೇಳುವವರಿಲ್ಲ. ಇದು ತಪ್ಪು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಬ್ರೆಜಿಲ್ ತಂಡದಲ್ಲಿ ಬರ್ನಾರ್ಡೊ ರೆಜೆಂಡೆ ಮೀಸಲು ಲಿಫ್ಟರ್. ಅವರೇ ಮುಂದೆ ಕೋಚ್ ಆಗಿ ಬ್ರೆಜಿಲ್ ಮಹಿಳೆಯರಿಗೆ 1996ರಲ್ಲೂ 2000ದಲ್ಲೂ ಕಂಚು, ಪುರುಷರಿಗೆ 2004ರಲ್ಲೂ 2016ರಲ್ಲೂ ಚಿನ್ನ ಗೆಲ್ಲಿಸಿಕೊಟ್ಟರು. ರಿಯೊದಲ್ಲಿ ಅವರ ತಂಡಕ್ಕೆ ಬಾಲು ಎತ್ತಿಕೊಟ್ಟ ಲಿಫ್ಟರ್ ಅವರ ಮಗ ಬ್ರೂನೊ. ಬೆಂಚಿನ ಮೇಲೆ ಕೂತವನು ಇಡೀ ಆಟ ನೋಡುತ್ತಾನೆ, ನೋಡಿದ್ದನ್ನು ಇನ್ನೊಬ್ಬನ ಕೈಯಲ್ಲಿ ಮಾಡಿಸುವುದು ಹೇಗೆಂದು ಯೋಚಿಸುತ್ತಾನೆ. ಹಾಗೆಂದು ಮೊದಲ ಲಿಫ್ಟರ್‌ಗಳು ಒಳ್ಳೆಯ ಕೋಚ್ ಆಗುವುದೇ ಇಲ್ಲ ಎಂದಲ್ಲ. 2000ದ ಸಿಡ್ನಿಯಲ್ಲಿ ಯುಗೊಸ್ಲಾವಿಯಕ್ಕೆ ಚಿನ್ನ ಗೆದ್ದುಕೊಟ್ಟ ಲಿಫ್ಟರ್ ನಿಕೋಲಾ ಗ್ರ್ಬಿಚ್ ಕೋಚ್ ಆಗಿ 2024ರ ಪ್ಯಾರಿಸ್‌ನಲ್ಲಿ ಪೋಲೆಂಡ್ ತಂಡವನ್ನು ಬೆಳ್ಳಿಗೆ ತಲುಪಿಸಿದರು. ಚೀನಾದ ಲಾಂಗ್ ಪಿಂಗ್ ಲಿಫ್ಟರೇ ಅಲ್ಲ, ಅಟ್ಯಾಕರ್. 1984ರಲ್ಲಿ ಆಟಗಾರ್ತಿಯಾಗಿ ಚಿನ್ನ, 2016ರಲ್ಲಿ ಕೋಚ್ ಆಗಿ ಚಿನ್ನ. ನಡುವೆ 2008ರ ಬೀಜಿಂಗ್‌ನಲ್ಲಿ ಅಮೆರಿಕ ತಂಡದ ಕೋಚ್ ಆಗಿ ಕೂತು ತನ್ನ ದೇಶವನ್ನೇ ಸೋಲಿಸಿದ್ದೂ ಉಂಟು. ಬೆಂಚಿಗೆ ಬಂದ ಮೇಲೆ ಬೆಂಚಿನವಳಾಗಿಯೇ ಇರಬೇಕು ಎಂದರೆ ಅದು.

ಮುಂದೆ ನನ್ನನ್ನು ತೆಗೆದುಹಾಕಿದ ಆ ಕ್ಲಬ್ಬಿಗೆ ಕೋಚ್ ಆಗಿ ಸೇರಿಸಿದವನು ನನ್ನ ಅಣ್ಣ. ಕಾರ್ಯದರ್ಶಿ ಅವನ ಸ್ನೇಹಿತರು. "ನಮ್ಮೋರೇ ಕಣವ್ವ, ಕಾಗದ ಗೀಗದ ಎಲ್ಲ ಯಾಕೆ? ಬಾಯಿಮಾತು ಸಾಕು" ಅಂದ. ನೇಮಕದ ಪತ್ರ ಕೇಳಿದ್ದಕ್ಕೆ ಸ್ನೇಹಿತರ ಮುಂದೆ ಅವನ ಮರ್ಯಾದೆ ತೆಗೆದೆನಂತೆ. ಅಣ್ಣನ ಆ ದಾಕ್ಷಿಣ್ಯದಿಂದಲೇ ಮುಂದಿನದೆಲ್ಲ ನಡೆಯಿತು ಎಂದು ನಾನು ಅವನ ಎದುರಿಗೇ ಹೇಳಿದ್ದೇನೆ.

ನಾನು ಇಳಿಯದ ಆ ರಾತ್ರಿಯದು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ಹೊನಲು ಬೆಳಕಿನ ಆಹ್ವಾನಿತ ಪಂದ್ಯಾವಳಿ. ಮಣ್ಣಿನ ಅಂಕಣ, ಸುತ್ತ ಗ್ಯಾಲರಿ, ಒಂದು ಪಕ್ಕ ಗಣ್ಯರಿಗೆ ಶಾಮಿಯಾನ. ನಮ್ಮದು ಸೆಮಿಫೈನಲ್. ಪಂದ್ಯಕ್ಕೆ ಮೊದಲು ಸ್ಕೋರ್ ಶೀಟಿಗೆ ಕೋಚ್ ಮತ್ತು ಕ್ಯಾಪ್ಟನ್ ಸಹಿ ಹಾಕಬೇಕಲ್ಲ, ಆಗ ನೋಡಿದೆ. ಹನ್ನೆರಡನೇ ಸಾಲಿನಲ್ಲಿ ಆಟಗಾರ್ತಿಯಾಗಿ ನನ್ನ ಹೆಸರು! ಎಂಟ್ರಿ ಫಾರಂ ತುಂಬಿದವರು ಕಾರ್ಯದರ್ಶಿ. ಕೇಳಿದೆ. "ಇರ್ಲಿ ಬಿಡಿ ಮೇಡಂ, ಫಾರ್ಮಾಲಿಟಿಗೆ" ಅಂದರು. ಆ ಒಂದು ಹೆಸರಿಗಾಗಿ ಊರಿನಿಂದ ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗಿ ಗ್ಯಾಲರಿಯಲ್ಲಿ ಕೂರಬೇಕಾಯಿತು.

ನಾಲ್ಕು ಸೆಟ್ ಮುಗಿದಾಗ ಎರಡು–ಎರಡು. ಐದನೆಯದು 15 ಪಾಯಿಂಟಿನ ಸೆಟ್. 8–5ರಲ್ಲಿ ನಾವು ಮುಂದಿದ್ದು ಅಂಕಣ ಬದಲಿಸಿದೆವು. ಆ ಹೊತ್ತಿಗೆ ಮಧ್ಯರಾತ್ರಿ ಕಳೆದಿತ್ತು. ಇಬ್ಬನಿ ಇಳಿದು ಬಾಲು ಒದ್ದೆಯಾಗಿತ್ತು. ಒದ್ದೆ ಬಾಲಿನ ಕಷ್ಟ ಪಾಸ್ ಮಾಡುವವರಿಗೆ ಅಷ್ಟು ತಿಳಿಯುವುದಿಲ್ಲ, ಸರ್ವಿಸ್ ಮಾಡುವವರಿಗೂ ಇಲ್ಲ. ತಿಳಿಯುವುದು ಲಿಫ್ಟರಿನ ಹತ್ತು ಬೆರಳಿಗೆ. ನಮ್ಮ ಲಿಫ್ಟರ್ ಪಿಯುಸಿ ಓದುತ್ತಿದ್ದ ಹುಡುಗಿ. ಬಾಲು ಅವಳ ಬೆರಳಲ್ಲಿ ಜಾರಿತು. ಅಂಪೈರ್ ಡಬಲ್ ಟಚ್ ಕೊಟ್ಟರು. ಮುಂದಿನ ಬಾಲಿಗೂ ಡಬಲ್ ಟಚ್. ನೋಡುನೋಡುತ್ತಿದ್ದಂತೆ 9–10, ನಾವು ಹಿಂದೆ.

ಆಗ ಶಾಮಿಯಾನದಿಂದ ಕಾರ್ಯದರ್ಶಿ ಎದ್ದು ಬಂದರು. ಕೈಯಲ್ಲಿ ಹನ್ನೆರಡನೇ ನಂಬರಿನ ಜೆರ್ಸಿ.

"ಮೇಡಂ, ಹಾಕ್ಕೊಳಿ. ನಾಲ್ಕು ಬಾಲ್ ಎತ್ಕೊಟ್ರೆ ಮುಗೀತು. ಎಲ್ಲಾ ದೊಡ್ಡೋರು ಕೂತವ್ರೆ."

"ಆಗಲ್ಲ ಸಾರ್. ನಾನು ಕೋಚ್."

"ಲಿಸ್ಟಲ್ಲಿ ನಿಮ್ ಹೆಸ್ರು ಐತೆ!"

"ನಾನು ಬರೆಸಿದ್ದಲ್ಲ."

ಸಬ್‌ಸ್ಟಿಟ್ಯೂಷನ್ ಕೇಳುವ ಹಕ್ಕು ಕೋಚಿಗೆ, ಕೋಚ್ ಇಲ್ಲದಿದ್ದರೆ ಅಂಕಣದಲ್ಲಿರುವ ಕ್ಯಾಪ್ಟನ್‌ಗೆ. ಕಾರ್ಯದರ್ಶಿಗೆ ಇಲ್ಲ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ನಮ್ಮ ಕ್ಯಾಪ್ಟನ್ ಕಡೆ ತಿರುಗಿ, "ಏಯ್, ಅಂಪೈರ್ ಕೇಳು, ಚೇಂಜ್ ಅಂತ ಹೇಳು" ಎಂದು ಕೂಗಿದರು. ಅಷ್ಟರಲ್ಲಿ ಮೈಕಿನಲ್ಲಿದ್ದವನಿಗೆ ಯಾರು ಸನ್ನೆ ಮಾಡಿದರೋ, ನನ್ನ ಹೆಸರು ಹೇಳಿ, ರಾಷ್ಟ್ರಮಟ್ಟದಲ್ಲಿ ಆಡಿದವರು ಈಗ ಅಂಕಣಕ್ಕೆ ಇಳಿಯುತ್ತಿದ್ದಾರೆ ಎಂದೇಬಿಟ್ಟ. ಗ್ಯಾಲರಿಯಿಂದ ಶಿಳ್ಳೆ ಬಂತು. ಅಂಕಣದ ನಡುವೆ ನಿಂತಿದ್ದ ನನ್ನ ಲಿಫ್ಟರ್ ಅದನ್ನೆಲ್ಲ ಕೇಳಿಸಿಕೊಂಡಳು. ಅವಳ ಮುಖ ನೋಡಿದೆ. ತನ್ನನ್ನು ತೆಗೆಯುತ್ತಾರೆ ಎಂದು ಅವಳು ಆಗಲೇ ಒಪ್ಪಿಕೊಂಡುಬಿಟ್ಟಿದ್ದಳು, ಎರಡು ಹೆಜ್ಜೆ ಹೊರಗಿನ ಕಡೆ ಇಟ್ಟೂ ಇದ್ದಳು. ಕ್ಯಾಪ್ಟನ್ ಮಾತ್ರ ಅಲ್ಲಾಡಲಿಲ್ಲ. ನನ್ನ ಕಡೆ ನೋಡುತ್ತಾ ನಿಂತಳು. ಆ ಮಗುವಿನ ಧೈರ್ಯವನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಟೈಮ್ ಔಟ್ ಕೇಳಿದೆ. ಸಿಗುವುದು 30 ಸೆಕೆಂಡು. ಲಿಫ್ಟರ್ ಓಡಿ ಬಂದವಳೇ, "ಮೇಡಂ, ನೀವು ಬರ್ತೀರಾ?" ಎಂದಳು.

"ಇಲ್ಲ. ನೀನೇ ಆಡ್ತೀಯ."

ಟವೆಲ್ ಕೊಟ್ಟು ಕೈ ಒರೆಸಿಕೊಳ್ಳಲು ಹೇಳಿದೆ. ಬಾಲು ಒದ್ದೆ ಇರುವವರೆಗೆ ಬ್ಯಾಕ್ ಬಾಲು ಬೇಡ, ಮುಂದಕ್ಕೇ ಕೊಡು ಅಂದೆ. ಯಾರಿಗೆ ಕೊಡಬೇಕೆಂದು ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಎದುರಿನವರ ಮಧ್ಯದ ಬ್ಲಾಕರ್ ಆಗಲೇ ಸುಸ್ತಾಗಿದ್ದಳು, ಅದು ನನಗೆ ಕಾಣುತ್ತಿತ್ತು. ಆದರೆ ಇಂಥವಳಿಗೆ ಕೊಡು ಎಂದಿದ್ದರೆ ಅದು ನನ್ನ ಬಾಲಾಗುತ್ತಿತ್ತು, ಅವಳದಾಗುತ್ತಿರಲಿಲ್ಲ. ಮುಂದಿನ ಬಾಲಿಗೆ ಅವಳು ಎದುರಿನ ಬ್ಲಾಕ್ ನೋಡುವ ಬದಲು ಬೆಂಚು ನೋಡುತ್ತಿದ್ದಳು.

12–12 ಆಯಿತು. 13–13 ಆಯಿತು. ಆಗ ಪಾಸ್ ಮೂರು ಮೀಟರ್ ಲೈನಿನ ಹತ್ತಿರ ಬಂತು, ನೆಟ್ಟಿಗೆ ದೂರ. ಅಂಥ ಪಾಸಿಗೆ ಎಲ್ಲರೂ ನೆಟ್ಟಿನ ತುದಿಗೆ ಹೈ ಬಾಲು ಕೊಡುತ್ತಾರೆ. ನಾನೂ ನನ್ನ ಕಾಲದಲ್ಲಿ ಅದನ್ನೇ ಕೊಡುತ್ತಿದ್ದೆ. ಅವಳು ಮಧ್ಯಕ್ಕೆ ಶಾರ್ಟ್ ಬಾಲು ಕೊಟ್ಟಳು! ಆ ಸುಸ್ತಾದ ಬ್ಲಾಕರ್ ನೆಲ ಬಿಡುವ ಮೊದಲೇ ಬಾಲು ಅತ್ತ ಮಣ್ಣಿಗೆ ಬಡಿದಿತ್ತು. 14–13. ನನಗೆ ಕಂಡಿದ್ದು ಅವಳಿಗೂ ಕಂಡಿತ್ತು, ಯಾರೂ ಹೇಳಿಕೊಡದೆ. ನಾನು ಆಡಿದ ಯಾವ ಪಂದ್ಯದಲ್ಲೂ, ಗೆದ್ದ ಯಾವ ಮೆಡಲಿನಲ್ಲೂ ಆ ಸುಖ ಸಿಕ್ಕಿರಲಿಲ್ಲ.

ಆಮೇಲೆ ನಮ್ಮ ಸರ್ವಿಸ್ ನೆಟ್ಟಿಗೆ ಬಿತ್ತು. 14–14. ಅವರ ಒಂದು ಸರ್ವಿಸ್ ಪಾಸ್ ಮಾಡುವ ನಮ್ಮವಳ ಒದ್ದೆ ಕೈಯಲ್ಲಿ ಜಾರಿ ಹಿಂದಕ್ಕೆ ಹಾರಿತು. 14–15. ಕೊನೆಯ ಬಾಲನ್ನು ಅವಳು ಮತ್ತೆ ಮಧ್ಯಕ್ಕೇ ಕೊಟ್ಟಳು. ಈ ಸಲ ಬ್ಲಾಕರ್ ಅಲ್ಲೇ ಕಾದಿದ್ದಳು. 14–16. ಆ ಕೊನೆಯ ಬಾಲೂ ಸರಿಯಾದದ್ದೇ. ಬ್ಲಾಕರ್ ಚೆನ್ನಾಗಿ ಹಾರಿದಳು, ಅಷ್ಟೆ. ಸರ್ವಿಸ್ ನೆಟ್ಟಿಗೆ ಹೊಡೆದವಳು ಲಿಫ್ಟರ್ ಅಲ್ಲ, ಪಾಸ್ ಜಾರಿಸಿದವಳೂ ಅವಳಲ್ಲ. ಆದರೂ ಸೋಲಿಗೆ ಕಾರಣ ಲಿಫ್ಟರ್, ಲಿಫ್ಟರಿನ ಸೋಲಿಗೆ ಕಾರಣ ಕೋಚ್ ಎಂದು ಕಾರ್ಯದರ್ಶಿ ಅಲ್ಲೇ ನಿಂತು ತೀರ್ಪು ಕೊಟ್ಟರು.

ವಾಪಸು ಬರುವ ವ್ಯಾನಿನಲ್ಲಿ ಅವರು ನನ್ನ ಜೊತೆ ಮಾತಾಡಲಿಲ್ಲ. ಊರು ತಲುಪುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ, ಮುಂದಿನ ತಿಂಗಳಿಂದ ಹೊಸ ಕೋಚ್ ಎಂದು ಬಂತು. ಬರಬೇಕಾಗಿದ್ದ ಗೌರವಧನ ಕೇಳಿದರೆ, "ಯಾವ ಆರ್ಡರ್ ಮೇಲೆ ಮೇಡಂ?" ಎಂದರು. ಪತ್ರ ಇಲ್ಲವಲ್ಲ. ಅಣ್ಣ ನನ್ನ ಪರ ನಿಲ್ಲುವ ಬದಲು, "ನಾಲ್ಕು ಬಾಲ್ ಎತ್ಕೊಟ್ಟು ಬಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಅಂದ. ನನ್ನ ಗಂಟು ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಆ ಹುಡುಗಿಯದು. ಐದನೇ ಸೆಟ್ಟಿನಲ್ಲಿ, ತುಂಬಿದ ಗ್ಯಾಲರಿಯ ಮುಂದೆ, ತನ್ನ ಗುರುವೇ ಬಂದು ತನ್ನ ಜಾಗದಲ್ಲಿ ನಿಂತರೆ ಹದಿನೇಳರ ಹುಡುಗಿ ಮತ್ತೆ ಎರಡನೇ ಬಾಲಿಗೆ ಧೈರ್ಯವಾಗಿ ಕೈ ಎತ್ತುತ್ತಾಳೆಯೇ? ಅವಳು ಈಗ ಡಿಗ್ರಿ ಓದುತ್ತಾ ವಿಶ್ವವಿದ್ಯಾಲಯದ ತಂಡಕ್ಕೆ ಮೊದಲ ಲಿಫ್ಟರ್ ಆಗಿ ಆಡುತ್ತಿದ್ದಾಳೆ.

ನನ್ನ ಅಕ್ಕನ ಮಗ ಇದಕ್ಕೆ ಒಂದು ತಕರಾರು ತೆಗೆದ. ಫಿಲಿಪ್ ರಿವರ್ಸ್ ಎಂಬ ಕ್ವಾರ್ಟರ್‌ಬ್ಯಾಕ್ 2021ರಲ್ಲಿ ನಿವೃತ್ತರಾಗಿ ಅಲಬಾಮಾದ ಒಂದು ಹೈಸ್ಕೂಲಿಗೆ ಕೋಚ್ ಆಗಿದ್ದರು. 2025ರ ಡಿಸೆಂಬರಿನಲ್ಲಿ, 44ನೇ ವಯಸ್ಸಿನಲ್ಲಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಕರೆಯಿತೆಂದು ಮತ್ತೆ ಆಡಲು ಇಳಿದರು. "ಅವರು ಇಳಿಯಬಹುದು, ನೀವು ಇಳಿಯಬಾರದಾ ಚಿಕ್ಕಿ?" ಎಂದು ಕೇಳಿದ. ಇಳಿಯಬಹುದಪ್ಪ, ಅವರು ಇಳಿದದ್ದು ದೊಡ್ಡವರ ತಂಡಕ್ಕೆ. ತಾವು ಕಲಿಸುತ್ತಿದ್ದ ಹೈಸ್ಕೂಲ್ ಹುಡುಗನನ್ನು ಹೊರಗೆ ಕೂರಿಸಿ ಅವನ ಜಾಗದಲ್ಲಿ ಆಡಲಿಲ್ಲ. ನಾಳೆ ಯಾವುದಾದರೂ ಹಿರಿಯರ ತಂಡ ನನ್ನನ್ನು ಕರೆದರೆ ನಾನೂ ಯೋಚಿಸುತ್ತೇನೆ.

ಆಟ ಬಿಡುತ್ತಿರುವವಳಿಗೆ ಇನ್ನು ಹೇಳುವುದು ಸ್ವಲ್ಪ. ನೇಮಕದ ಪತ್ರ ಇಲ್ಲದೆ ಒಂದು ದಿನವೂ ಅಂಕಣಕ್ಕೆ ಹೋಗಬೇಡ, ಕರೆದವರು ಅಣ್ಣನ ಸ್ನೇಹಿತರಾದರೂ ಸರಿ. ಎಂಟ್ರಿ ಫಾರಂ ನಿನ್ನ ಕೈಯಾರೆ ತುಂಬು. ನೀನು ಆಡಿದ ತಂಡಕ್ಕೇ ಮರುವರ್ಷ ಕೋಚ್ ಆಗಬೇಡ. ನಿನ್ನೆವರೆಗೆ ಜೊತೆಯಲ್ಲಿ ಊಟ ಮಾಡಿದವರು ನಿನ್ನನ್ನು ಇನ್ನೂ ಲಿಫ್ಟರ್ ಎಂದೇ ನೋಡುತ್ತಾರೆ. ಅದರ ಬದಲು ಒಂದೆರಡು ಸೀಸನ್ ಯಾರಾದರೂ ಹಳೇ ಕೋಚ್ ಕೈಕೆಳಗೆ ಸಹಾಯಕಿಯಾಗಿರು.

ಕೋರ್ಸನ್ನು ಮಾತ್ರ ಮುಂದೂಡಬೇಡ. ಪಟಿಯಾಲದ ಎನ್‌ಐಎಸ್ ಡಿಪ್ಲೊಮಾಕ್ಕೆ ರಜೆ ಸಿಗದಿದ್ದರೆ ಆರು ವಾರದ್ದಾದರೂ ಮಾಡು, ಅರ್ಜಿ ಕರೆದ ಕೂಡಲೇ ಹಾಕು. ಪಾಠವೆಲ್ಲ ಹಿಂದಿ, ಇಂಗ್ಲಿಷಿನಲ್ಲಿ ಎಂದು ಹೆದರಿದ್ದೀಯಂತೆ. ನಾನು ಬರೆದುಕೊಂಡ ನೋಟ್ಸೆಲ್ಲ ಕನ್ನಡದಲ್ಲೇ ಇದೆ. ಮುಂದಿನ ಭಾನುವಾರ ಮನೆಗೆ ಬಾ, ಜೆರಾಕ್ಸ್ ಮಾಡಿಸಿಕೊಂಡು ಹೋಗುವೆಯಂತೆ.