ಆನ್‌ಲೈನ್ ಖರೀದಿಯಿಂದ ವಿಮಾನದ ಮೈಲ್ಸ್: ಕ್ರಮ ತಪ್ಪಿದರೆ ಗಳಿಕೆಯೂ ತಪ್ಪುತ್ತದೆ

ಮನೆಗೆ ಹೇಗೂ ಬೇಕಾದ ಮಿಕ್ಸರ್, ಬಟ್ಟೆ, ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ, ಬೆಲೆಯಲ್ಲಿ ಒಂದು ರೂಪಾಯಿಯೂ ಹೆಚ್ಚಾಗದಂತೆ, ಮುಂದೆ ವಿಮಾನ ಟಿಕೆಟ್‌ಗೆ ಒದಗುವ ಮೈಲ್ಸ್ ಗಳಿಸಬಹುದು ಎಂಬ ಮಾತು ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಿಗೂ ತಲುಪಿದೆ. ಮಾತು ನಿಜ. ಆದರೆ ಆಫರ್ ನೋಡಿ ಖರೀದಿಸಿದವರಲ್ಲಿ ಅನೇಕರು ಕೆಲವು ತಿಂಗಳ ಬಳಿಕ ಖಾತೆ ತೆರೆದಾಗ ಅಲ್ಲಿ ಏನೂ ಜಮೆಯಾಗಿರದೆ, ಇದೆಲ್ಲ ಮೋಸವೆಂದು ತೀರ್ಮಾನಿಸಿ ಕೈಬಿಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಮೋಸ ನಡೆದಿರುವುದಿಲ್ಲ, ಖರೀದಿಯ ಕ್ರಮ ತಪ್ಪಿರುತ್ತದೆ. ಆ ಕ್ರಮವನ್ನು ಹಂತಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಒಂದೇ ಏರ್‌ಲೈನ್‌ನಲ್ಲಿ ಮತ್ತೆ ಮತ್ತೆ ಪ್ರಯಾಣಿಸುವವರ ಲೆಕ್ಕಕ್ಕೆ ಜಮೆಯಾಗುವ, ಬಳಿಕ ಟಿಕೆಟ್‌ಗೆ ಬದಲಾಯಿಸಿಕೊಳ್ಳಬಹುದಾದ ಅಂಕಗಳೇ ಮೈಲ್ಸ್ ಅಥವಾ ಪಾಯಿಂಟ್. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಆರಂಭಿಸಿದ ಅಡ್ವಾಂಟೇಜ್ ಯೋಜನೆಯಿಂದ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. ಹೆಸರಿನಲ್ಲಿ ಮೈಲಿ ಇದ್ದರೂ ಇಂದು ಬಹಳಷ್ಟು ಯೋಜನೆಗಳಲ್ಲಿ ಅದು ದೂರದ ಅಳತೆಯಲ್ಲ. ಏರ್ ಇಂಡಿಯಾ ಕೂಡ 2024ರಿಂದ ಪ್ರಯಾಣದ ದೂರದ ಬದಲು ತೆತ್ತ ಹಣಕ್ಕೆ ತಕ್ಕಂತೆ ಪಾಯಿಂಟ್ ಕೊಡುತ್ತಿದೆ. ಶಾಪಿಂಗ್ ಪೋರ್ಟಲ್ ಎಂದರೆ ಏರ್‌ಲೈನ್ ಅಥವಾ ಬ್ಯಾಂಕ್ ನಡೆಸುವ, ನೂರಾರು ಆನ್‌ಲೈನ್ ಅಂಗಡಿಗಳಿಗೆ ದಾರಿ ತೋರುವ ಜಾಲತಾಣ. ಅದರ ಮೂಲಕ ಹೋದ ಗಿರಾಕಿ ಏನಾದರೂ ಕೊಂಡರೆ ಅಂಗಡಿಯು ಪೋರ್ಟಲ್‌ಗೆ ಕಮಿಷನ್ ಕೊಡುತ್ತದೆ, ಪೋರ್ಟಲ್ ಅದರ ಒಂದು ಪಾಲನ್ನು ಮೈಲ್ಸ್ ರೂಪದಲ್ಲಿ ಗಿರಾಕಿಗೆ ಹಿಂದಿರುಗಿಸುತ್ತದೆ.

ಮೊದಲ ಹಂತ: ಎಲ್ಲಿಂದ ಹಾರುವುದು ಎಂಬುದನ್ನು ಮೊದಲು ನಿರ್ಧರಿಸಬೇಕು

ಮೈಲ್ಸ್ ಗಳಿಸಿದ ಮೇಲೆ ಅದನ್ನು ಎಲ್ಲಿ ಬಳಸಬೇಕೆಂದು ಯೋಚಿಸುವುದು ಹಿಂದುಮುಂದಾದ ಕೆಲಸ. ಕಲಬುರಗಿ–ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರ್ 22ರಂದು ಉದ್ಘಾಟನೆಯಾದ ವಿಮಾನ ನಿಲ್ದಾಣ ಈ ಊರುಗಳಿಗೆ ಹತ್ತಿರದ್ದಾದರೂ, ಅಲ್ಲಿಂದ ಹಾರುವ ವಿಮಾನಗಳ ಸಂಖ್ಯೆ ಕಾಲಕಾಲಕ್ಕೆ ಏರಿಳಿದಿರುವುದರಿಂದ ಮೈಲ್ಸ್ ಲೆಕ್ಕವನ್ನು ಅದೊಂದರ ಮೇಲೆಯೇ ಕಟ್ಟುವುದು ಜಾಣತನವಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದ್ ಕಡೆಗೆ ಸಾಗುವ ರೈಲು ಮಾರ್ಗ ಇರುವುದರಿಂದಲೂ, ಚಿಂಚೋಳಿಯವರಿಗೆ ತಾಂಡೂರು ಇಲ್ಲವೇ ಜಹೀರಾಬಾದ್ ಮೇಲಿನ ರಸ್ತೆ ಅನುಕೂಲವಾಗಿರುವುದರಿಂದಲೂ, ಈ ಭಾಗದವರ ದೂರಪ್ರಯಾಣಕ್ಕೆ ನಿಜವಾದ ಹೆಬ್ಬಾಗಿಲು ಹೈದರಾಬಾದಿನ ಶಂಶಾಬಾದ್ ನಿಲ್ದಾಣವೇ ಆಗಿದೆ.

ಅಲ್ಲಿಂದ ಏರ್ ಇಂಡಿಯಾ, ಇಂಡಿಗೋ, ಎಮಿರೇಟ್ಸ್, ಕತಾರ್ ಏರ್‌ವೇಸ್ ವಿಮಾನಗಳು ಹಾರುತ್ತವೆ. ಅನೇಕ ಏರ್‌ಲೈನ್‌ಗಳು ಪರಸ್ಪರ ಒಪ್ಪಂದದ ಕೂಟಗಳಲ್ಲಿರುವುದರಿಂದ ಒಂದರ ಮೈಲ್ಸ್ ಮತ್ತೊಂದರ ವಿಮಾನದಲ್ಲಿ ನಡೆಯುತ್ತದೆ: ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದ್ದು, ಅದೇ ಕೂಟದ ಯುನೈಟೆಡ್ ಏರ್‌ಲೈನ್ಸ್ ಮೈಲ್ಸ್‌ನಿಂದ ಏರ್ ಇಂಡಿಯಾ ಟಿಕೆಟ್ ಪಡೆಯಬಹುದು; ಅಮೆರಿಕನ್ ಏರ್‌ಲೈನ್ಸ್ ಮೈಲ್ಸ್‌ನಿಂದ ಕತಾರ್ ಏರ್‌ವೇಸ್‌ನ ಹೈದರಾಬಾದ್–ದೋಹಾ ವಿಮಾನ ಹಿಡಿಯಬಹುದು.

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದು ವಿಶೇಷವಾಗಿ ಮುಖ್ಯ. ಅಮೆರಿಕನ್ ಏರ್‌ಲೈನ್ಸ್‌ನ ಅಡ್ವಾಂಟೇಜ್ ಈಶಾಪಿಂಗ್, ಯುನೈಟೆಡ್‌ನ ಮೈಲೇಜ್‌ಪ್ಲಸ್ ಶಾಪಿಂಗ್ ಮೊದಲಾದ ಏರ್‌ಲೈನ್ ಪೋರ್ಟಲ್‌ಗಳು ಅಮೆರಿಕದ ಅಂಗಡಿಗಳಿಗಾಗಿಯೇ ಇರುವಂಥವು. ಸೇಡಂನಿಂದ ಹೋಗಿ ಡಲ್ಲಾಸ್‌ನಲ್ಲಿರುವ ಮಗಳು ಅಲ್ಲಿ ದಿನನಿತ್ಯದ ಖರೀದಿಯಿಂದ ಗಳಿಸಿದ ಮೈಲ್ಸ್‌ನಿಂದ ಇಲ್ಲಿರುವ ತಂದೆತಾಯಿಯ ಹೆಸರಿನಲ್ಲಿ ಟಿಕೆಟ್ ಮಾಡಿಸಲು ಅವಕಾಶವಿದೆ. ಇಲ್ಲಿಯೇ ಇರುವವರು ಬ್ಯಾಂಕ್‌ಗಳ ಪೋರ್ಟಲ್‌ಗಳನ್ನು ಅವಲಂಬಿಸಬೇಕು: ಎಚ್‌ಡಿಎಫ್‌ಸಿ ಬ್ಯಾಂಕಿನ ಸ್ಮಾರ್ಟ್‌ಬೈ, ಐಸಿಐಸಿಐ ಬ್ಯಾಂಕಿನ ಐಶಾಪ್, ಆಕ್ಸಿಸ್ ಬ್ಯಾಂಕಿನ ಗ್ರ್ಯಾಬ್ ಡೀಲ್ಸ್ ಈ ಬಗೆಯವು. ಇಲ್ಲಿ ಮೊದಲು ಬ್ಯಾಂಕಿನ ರಿವಾರ್ಡ್ ಪಾಯಿಂಟ್ ಇಲ್ಲವೇ ಕ್ಯಾಶ್‌ಬ್ಯಾಕ್ ಬರುತ್ತದೆ. ಪಾಯಿಂಟ್‌ಗಳನ್ನು ಏರ್‌ಲೈನ್‌ಗೆ ವರ್ಗಾಯಿಸುವ ಸೌಲಭ್ಯ ಎಲ್ಲ ಕಾರ್ಡ್‌ಗಳಿಗೂ ಇರುವುದಿಲ್ಲವಾದ್ದರಿಂದ ತಮ್ಮ ಕಾರ್ಡ್‌ಗೆ ಅದು ಉಂಟೇ, ಯಾವ ಏರ್‌ಲೈನ್‌ಗೆ, ಯಾವ ಪ್ರಮಾಣದಲ್ಲಿ ಎಂಬುದನ್ನು ಖರೀದಿಗೆ ಮುನ್ನವೇ ನೋಡಿಕೊಳ್ಳಬೇಕು.

ಎರಡನೆಯ ಹಂತ: ಖಾತೆ

ಆಯ್ದ ಏರ್‌ಲೈನ್‌ನ ಜಾಲತಾಣದಲ್ಲಿ ಉಚಿತವಾಗಿ ಸದಸ್ಯತ್ವ ಪಡೆದು, ಆ ಸದಸ್ಯ ಸಂಖ್ಯೆಯಿಂದಲೇ ಏರ್‌ಲೈನ್ ಪೋರ್ಟಲ್‌ಗೆ ಲಾಗಿನ್ ಆಗಬೇಕು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರಶಃ ಇರಲಿ. ಈ ಭಾಗದ ಅನೇಕರಿಗೆ ಒಂದು ದಾಖಲೆಯಲ್ಲಿ ಮನೆತನದ ಹೆಸರು, ಮತ್ತೊಂದರಲ್ಲಿ ತಂದೆಯ ಹೆಸರು ಇರುವುದರಿಂದ, ಮುಂದೆ ಟಿಕೆಟ್‌ಗೂ ಖಾತೆಗೂ ತಾಳೆಯಾಗದೆ ತೊಂದರೆಯಾಗುವುದುಂಟು.

ಮೂರನೆಯ ಹಂತ: ಒಂದು ಮೈಲ್ ಎಷ್ಟಕ್ಕೆ ಬಿತ್ತು?

ಪೋರ್ಟಲ್‌ನ ಮೈಲ್ಸ್ ಪುಕ್ಕಟೆಯೆಂದು ಭಾವಿಸುವುದು ತಪ್ಪು. ಅದೇ ವಸ್ತುವನ್ನು ಕ್ಯಾಶ್‌ಬ್ಯಾಕ್ ಕೊಡುವ ತಾಣದ ಮೂಲಕ ಕೊಂಡಿದ್ದರೆ ಕೈಗೆ ಬರಬಹುದಾಗಿದ್ದ ಹಣವೇ ಮೈಲ್ಸ್‌ನ ನಿಜವಾದ ಬೆಲೆ. ಉದಾಹರಣೆಗೆ, 10,000 ರೂಪಾಯಿಯ ಖರೀದಿಗೆ ಒಂದು ಕಡೆ 300 ರೂಪಾಯಿ ಕ್ಯಾಶ್‌ಬ್ಯಾಕ್, ಮತ್ತೊಂದು ಕಡೆ 600 ಮೈಲ್ಸ್ ಸಿಗುವುದಾದರೆ ಮೈಲ್ಸ್ ಆಯ್ದುಕೊಂಡವರಿಗೆ ಒಂದೊಂದು ಮೈಲ್ 50 ಪೈಸೆಗೆ ಬಿದ್ದಂತಾಯಿತು. ಆಫರ್ ದಿನಗಳಲ್ಲಿ ಅದೇ ಅಂಗಡಿ 1,200 ಮೈಲ್ಸ್ ಕೊಟ್ಟರೆ ಬೆಲೆ 25 ಪೈಸೆಗೆ ಇಳಿಯುತ್ತದೆ.

ಇನ್ನು ಆ ಮೈಲ್ ಎಷ್ಟಕ್ಕೆ ಬಾಳುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. 6,500 ರೂಪಾಯಿಯ ಟಿಕೆಟ್‌ಗೆ 10,000 ಮೈಲ್ಸ್ ಜೊತೆಗೆ 1,500 ರೂಪಾಯಿ ತೆರಿಗೆ ಕಟ್ಟಬೇಕಾದರೆ, ಉಳಿದ 5,000 ರೂಪಾಯಿಯನ್ನು 10,000ದಿಂದ ಭಾಗಿಸಿದಾಗ ಮೈಲ್‌ನ ಮೌಲ್ಯ 50 ಪೈಸೆ ಎಂದಾಗುತ್ತದೆ. 50 ಪೈಸೆಗೆ ಕೊಂಡು 50 ಪೈಸೆಗೆ ಬಳಸುವುದರಲ್ಲಿ ಲಾಭವೇನೂ ಇಲ್ಲ. 25 ಪೈಸೆಗೆ ಸಿಕ್ಕಾಗ ಮಾತ್ರ ಮೈಲ್ಸ್ ಅಗ್ಗವಾಯಿತೆಂದು ಹೇಳಬಹುದು. ಆದ್ದರಿಂದ ಅವಸರವಿಲ್ಲದ ಖರೀದಿಗಳನ್ನು, ಅಂದರೆ ಹೊಸ ಕುಕ್ಕರ್, ಮಕ್ಕಳ ಶೂ, ಹಬ್ಬದ ಬಟ್ಟೆಗಳನ್ನು, ಹೆಚ್ಚುವರಿ ಮೈಲ್ಸ್ ಘೋಷಣೆಯಾಗುವ ದಿನಗಳಿಗೆ ಕಾಯ್ದಿರಿಸುವುದು ಸರಿಯಾದ ಕ್ರಮ. ನಮ್ಮಲ್ಲಿ ದಸರಾ–ದೀಪಾವಳಿಯ ಹೊತ್ತು, ಅಮೆರಿಕದಲ್ಲಿ ನವೆಂಬರ್ ಕೊನೆಯ ವಾರ ಇಂಥ ಕೊಡುಗೆಗಳ ಕಾಲ. ಮೈಲ್ಸ್ ಆಸೆಗೆ ಬೇಡದ ವಸ್ತು ಕೊಳ್ಳುವವರಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ, ಅವರಿಗೆ ಅದು ಶುದ್ಧ ನಷ್ಟ.

ನಾಲ್ಕನೆಯ ಹಂತ: ಕೊನೆಯ ಕ್ಲಿಕ್

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ ಆದುದರಿಂದ ಈ ಹಂತವನ್ನು ವಿವರವಾಗಿ ನೋಡಬೇಕು. ಎಪಿಎಂಸಿಯಲ್ಲಿ ತೊಗರಿಯ ಚೀಲಗಳು ಯಾವ ಅಡತಿ ಅಂಗಡಿಯ ಹೆಸರಿನಲ್ಲಿ ಇಳಿದವೋ ಆ ಅಂಗಡಿಗೇ ಕಮಿಷನ್ ಸೇರುವಂತೆ, ಆನ್‌ಲೈನ್ ವ್ಯಾಪಾರದಲ್ಲಿಯೂ ಗಿರಾಕಿ ಕೊನೆಯದಾಗಿ ಯಾರ ಲಿಂಕ್ ಒತ್ತಿ ಬಂದನೋ ಸಾಮಾನ್ಯವಾಗಿ ಅವರಿಗೇ ಕಮಿಷನ್ ಸಲ್ಲುತ್ತದೆ. ಪೋರ್ಟಲ್‌ನಲ್ಲಿ ಅಂಗಡಿಯ ಹೆಸರಿನ ಮೇಲೆ ಒತ್ತಿದ ಕ್ಷಣದಲ್ಲಿ ಬ್ರೌಸರ್‌ನೊಳಗೆ ಕುಕಿ ಎಂಬ ಸಣ್ಣ ಗುರುತು ಕಡತವೊಂದು ಉಳಿಯುತ್ತದೆ. ಹಣ ಪಾವತಿಯಾಗುವಾಗ ಅಂಗಡಿಯ ಕಂಪ್ಯೂಟರ್ ಆ ಗುರುತನ್ನು ಓದಿ, ಈ ಆರ್ಡರ್ ಇಂಥ ಪೋರ್ಟಲ್‌ನಿಂದ, ಇಂಥ ಸದಸ್ಯನಿಂದ ಬಂದದ್ದೆಂದು ಬರೆದುಕೊಳ್ಳುತ್ತದೆ. ಕ್ಲಿಕ್‌ಗೂ ಪಾವತಿಗೂ ನಡುವೆ ಆ ಗುರುತು ಅಳಿದರೆ ಅಥವಾ ಬೇರೆಯವರ ಗುರುತು ಅದರ ಮೇಲೆ ಬಿದ್ದರೆ ಮೈಲ್ಸ್ ಬರುವುದಿಲ್ಲ. ಇದು ಸಾಮಾನ್ಯವಾಗಿ ಐದು ರೀತಿಯಲ್ಲಿ ಸಂಭವಿಸುತ್ತದೆ.

ಒಂದು, ಫೋನಿನಲ್ಲಿ ಅಂಗಡಿಯ ಆ್ಯಪ್ ಮೊದಲೇ ಇರುವುದು. ಪೋರ್ಟಲ್‌ನಲ್ಲಿ ಲಿಂಕ್ ಒತ್ತಿದೊಡನೆ ಪುಟವೊಂದು ಅರೆಗಳಿಗೆ ಬೆಳ್ಳಗೆ ಮಿಂಚಿ, ಬ್ರೌಸರ್ ಸರಿದು, ಆ್ಯಪ್ ತಾನಾಗಿಯೇ ತೆರೆದುಕೊಳ್ಳುತ್ತದೆ. ನೋಡುವವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸಿದರೂ ಗುರುತು ಬ್ರೌಸರ್‌ನಲ್ಲಿಯೇ ಉಳಿದು, ಖರೀದಿ ಆ್ಯಪ್‌ನಲ್ಲಿ ನಡೆದಿರುತ್ತದೆ. ಆ್ಯಪ್‌ನ ಖರೀದಿಗೂ ಮೈಲ್ಸ್ ಉಂಟೆಂದು ಪೋರ್ಟಲ್‌ನ ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಕೊಳ್ಳುವುದು ಲೇಸು. ಕಂಪ್ಯೂಟರ್ ಇಲ್ಲದವರು ಖರೀದಿಯ ಮಟ್ಟಿಗಾದರೂ ಆ್ಯಪ್ ತೆಗೆದುಹಾಕಬೇಕು.

ಎರಡು, ಕಾರ್ಟ್ ಮೊದಲೇ ತುಂಬಿಸಿಟ್ಟಿರುವುದು. ವಸ್ತುಗಳನ್ನು ವಾರದ ಹಿಂದೆಯೇ ಕಾರ್ಟ್‌ಗೆ ಹಾಕಿಟ್ಟು, ಪಾವತಿಯ ದಿನ ಮಾತ್ರ ಪೋರ್ಟಲ್ ಮೂಲಕ ಬಂದರೆ ಕೆಲವು ಅಂಗಡಿಗಳು ಅದನ್ನು ಪೋರ್ಟಲ್‌ನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಕಾದ ವಸ್ತುವಿನ ಹೆಸರನ್ನು ಕಾಗದದಲ್ಲಿ ಗುರುತು ಮಾಡಿಕೊಂಡು, ಕಾರ್ಟ್ ಖಾಲಿ ಮಾಡಿ, ಪೋರ್ಟಲ್ ಮೂಲಕ ಒಳಹೊಕ್ಕ ಮೇಲೆಯೇ ಹೊಸದಾಗಿ ಸೇರಿಸಿ, ಒಂದೇ ಸಲಕ್ಕೆ ಪಾವತಿ ಮುಗಿಸಬೇಕು.

ಮೂರು, ಕೂಪನ್. ಬೆಲೆ ಇಳಿಸಲು ಬೇರೆಡೆಯಿಂದ ತಂದ ಕೂಪನ್ ಸಂಖ್ಯೆ ಹಾಕಿದರೆ ಮೈಲ್ಸ್ ಇಲ್ಲವೆಂಬ ಷರತ್ತು ಬಹುತೇಕ ಪೋರ್ಟಲ್‌ಗಳಲ್ಲಿದೆ. ಇದಕ್ಕಿಂತ ಅಪಾಯಕಾರಿಯಾದದ್ದು ತಾನಾಗಿಯೇ ಕೂಪನ್ ಹುಡುಕಿಕೊಡುವ ಬ್ರೌಸರ್ ಎಕ್ಸ್‌ಟೆನ್ಷನ್: ಅದು ಪಾವತಿಯ ಹೊತ್ತಿಗೆ ಪುಟಿದೆದ್ದು, ಕೂಪನ್ ಸಿಗಲಿ ಬಿಡಲಿ, ಒತ್ತಿದೊಡನೆ ತನ್ನದೇ ಗುರುತನ್ನು ಕೊನೆಯದಾಗಿ ಮೂಡಿಸಿಬಿಡಬಹುದು. ಪೋರ್ಟಲ್ ಬಳಸುವವರು ಇಂಥ ಎಕ್ಸ್‌ಟೆನ್ಷನ್‌ಗಳನ್ನು ಬ್ರೌಸರ್‌ನಿಂದ ತೆಗೆದುಹಾಕುವುದೇ ಒಳ್ಳೆಯದು.

ನಾಲ್ಕು, ಜಾಹೀರಾತು ತಡೆಯುವ ಸಾಧನ ಮತ್ತು ಗುರುತು ಉಳಿಸದ ಖಾಸಗಿ ಕಿಟಕಿ. ಇವೆರಡೂ ಕುಕಿಯನ್ನು ತಡೆಯಬಲ್ಲವು.

ಐದು, ನಡುವೆ ದಾರಿ ಬದಲಿಸುವುದು. ಪೋರ್ಟಲ್‌ನಿಂದ ಅಂಗಡಿಗೆ ಬಂದ ಮೇಲೆ ಬೆಲೆ ಹೋಲಿಸಲು ಮತ್ತೊಂದು ತಾಣಕ್ಕೆ ಹೋಗಿ, ಅಲ್ಲಿನ ಲಿಂಕಿನಿಂದಲೇ ಮರಳಿ ಬಂದರೆ ಕಮಿಷನ್ ಆ ತಾಣದ ಪಾಲಾಗುತ್ತದೆ. ಹೋಲಿಕೆಯೆಲ್ಲ ಮೊದಲೇ ಮುಗಿಸಿರಬೇಕು. ಒಂದು ವೇಳೆ ನಡುವೆ ಹೊರಹೋಗಿದ್ದರೆ ಮತ್ತೆ ಪೋರ್ಟಲ್‌ನಿಂದಲೇ ಹೊಸದಾಗಿ ಹೊರಡಬೇಕು.

ಬ್ಯಾಂಕ್ ಪೋರ್ಟಲ್‌ಗಳಲ್ಲಿ ಅಂಗಡಿಗಳ ಗಿಫ್ಟ್ ವೋಚರ್ ಕೊಂಡು, ಬಳಿಕ ಆ ವೋಚರ್‌ನಿಂದ ವಸ್ತು ಖರೀದಿಸುವ ದಾರಿಯಲ್ಲಿ ಈ ಅಪಾಯ ಬಹಳ ಕಡಿಮೆ, ಏಕೆಂದರೆ ಮಾರಾಟ ಬ್ಯಾಂಕಿನ ತಾಣದಲ್ಲಿಯೇ ನಡೆಯುತ್ತದೆ. ಆದರೆ ವೋಚರ್‌ಗೆ ಅವಧಿಯಿರುತ್ತದೆ, ಸಾಮಾನ್ಯವಾಗಿ ಹಣ ಹಿಂದಿರುಗದು, ತಿಂಗಳ ಗರಿಷ್ಠ ಮಿತಿಯೂ ಇರುತ್ತದೆ. ಆದ್ದರಿಂದ ಆ ವಾರವೇ ಬೇಕಾದಷ್ಟು ಮೊತ್ತಕ್ಕೆ ಮಾತ್ರ ಕೊಳ್ಳಬೇಕು.

ಐದನೆಯ ಹಂತ: ದಾಖಲೆ ಮತ್ತು ಕಾಯುವಿಕೆ

ಕ್ಲಿಕ್ ಮಾಡುವ ಮುನ್ನ ಆಫರ್‌ನ ಪ್ರಮಾಣ ಕಾಣುವಂತೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆರ್ಡರ್ ಸಂಖ್ಯೆಯಿರುವ ಇಮೇಲ್ ಉಳಿಸಿಕೊಳ್ಳಬೇಕು. ಲೆಕ್ಕ ನಡೆಯುವುದು ತೆರಿಗೆ ಮತ್ತು ಸಾಗಣೆ ವೆಚ್ಚ ಕಳೆದ ಮೊತ್ತಕ್ಕೆ. ಚಿನ್ನದ ನಾಣ್ಯ, ಮೊಬೈಲ್‌ನಂಥ ವಸ್ತುಗಳನ್ನು ಅಂಗಡಿಗಳು ಹೊರಗಿಡುವುದುಂಟು. ಮೈಲ್ಸ್ ಮೊದಲು ಬಾಕಿ ಎಂದು ಕಾಣಿಸಿಕೊಂಡು, ವಸ್ತು ಹಿಂದಿರುಗಿಸುವ ಅವಧಿ ಕಳೆದ ಮೇಲಷ್ಟೇ ಖಾತ್ರಿಯಾಗುತ್ತದೆ, ವಸ್ತು ಹಿಂದಿರುಗಿಸಿದರೆ ರದ್ದಾಗುತ್ತದೆ. ಷರತ್ತಿನಲ್ಲಿ ಹೇಳಿದ ದಿನಗಳೊಳಗೆ ಬಾಕಿಯೂ ಕಾಣದಿದ್ದರೆ ಸ್ಕ್ರೀನ್‌ಶಾಟ್, ಆರ್ಡರ್ ಸಂಖ್ಯೆಗಳೊಂದಿಗೆ ಪೋರ್ಟಲ್‌ಗೇ ದೂರು ಕೊಡಬೇಕು. ಅಂಗಡಿಗೆ ಬರೆದು ಪ್ರಯೋಜನವಿಲ್ಲ.

ಉಳಿದ ಎಚ್ಚರಿಕೆಗಳು

ಬ್ಯಾಂಕ್ ಪಾಯಿಂಟ್‌ಗಳನ್ನು ಏರ್‌ಲೈನ್‌ಗೆ ಒಮ್ಮೆ ವರ್ಗಾಯಿಸಿದರೆ ಮರಳಿ ಪಡೆಯಲಾಗದು. ಬೇಕಾದ ದಿನಕ್ಕೆ ಮೈಲ್ಸ್‌ನಿಂದ ಪಡೆಯಬಹುದಾದ ಸೀಟು ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ವರ್ಗಾಯಿಸಬೇಕು.

ಮೈಲ್ಸ್ ಕೂಡಿಡುವ ಆಸ್ತಿಯಲ್ಲ. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಪಾಯಿಂಟ್‌ಗಳು ಕೆಲಸಕ್ಕೆ ಬಾರದಾದವು. ಅಮೆರಿಕನ್ ಏರ್‌ಲೈನ್ಸ್ ಖಾತೆಯಲ್ಲಿ 24 ತಿಂಗಳು ಯಾವ ವ್ಯವಹಾರವೂ ಇಲ್ಲದಿದ್ದರೆ ಮೈಲ್ಸ್ ಅಳಿಯುತ್ತದೆ, ಪೋರ್ಟಲ್‌ನ ಒಂದು ಸಣ್ಣ ಖರೀದಿಯೂ ಅದನ್ನು ಉಳಿಸುತ್ತದೆ. ಯುನೈಟೆಡ್‌ಗೆ ಇಂಥ ಅವಧಿಯಿಲ್ಲ.

ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ಈ ದಾರಿಗೆ ಬರಬಾರದು. ತಿಂಗಳಿಗೆ ಶೇ 3.5ರ ಬಡ್ಡಿಯೆಂದರೆ ವರ್ಷಕ್ಕೆ ಶೇ 42. ಯಾವ ಆಫರ್ ಕೂಡ ಅದನ್ನು ತುಂಬಿಕೊಡದು.

ಪಾಯಿಂಟ್ ಇಂದೇ ಮುಗಿಯುತ್ತದೆ ಎಂದು ಬರುವ ಸಂದೇಶದ ಲಿಂಕ್ ಒತ್ತಬಾರದು, ಅದರೊಂದಿಗೆ ಬರುವ ಎಪಿಕೆ ಕಡತವನ್ನು ಫೋನಿಗೆ ಹಾಕಿಕೊಳ್ಳಬಾರದು, ಒಟಿಪಿ ಯಾರಿಗೂ ಹೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.